ರೂಪವೂ ನಿರೂಪಣೆಯೂ

ಸನ್ 2023ನೆಯ ಇಸ್ವಿಯ ಜುಲೈ ತಿಂಗಳಲ್ಲಿ ಪವರ್ ಟಿವಿ ಎಂಬ ಕನ್ನಡ ವಾರ್ತಾವಾಹಿನಿಯು ಹೊಸ ವಾರ್ತಾವಾಚಕಿಯೊಬ್ಬಳನ್ನು ನೋಡುಗರ ಮುಂದೆ ತಂದು ನಿಲ್ಲಿಸಿತು. ಅವಳಿಗೆ ತಾಯಿತಂದೆಗಳಿಲ್ಲ, ಹುಟ್ಟಿದ ಊರಿಲ್ಲ, ನಿಜವಾದ ಕಂಠವೂ ಇಲ್ಲ. ಗಣಕಯಂತ್ರದ ಕೃತಕ ಬುದ್ಧಿಯಿಂದ ನಿರ್ಮಿತವಾದ ಚಲಿಸುವ ಚಿತ್ರವದು. ಆ ಚಿತ್ರಕ್ಕೆ ಇಟ್ಟ ಹೆಸರು 'ಸೌಂದರ್ಯ'. ಹೆಸರಿಡುವವರ ಮುಂದೆ ನಮ್ಮ ಹೆಣ್ಣುಮಕ್ಕಳ ಹೆಸರುಗಳ ದೊಡ್ಡ ಭಂಡಾರವೇ ಇದ್ದಿತು. ವಾಣಿ ಎನ್ನಬಹುದಿತ್ತು, ಭಾರತಿ ಎನ್ನಬಹುದಿತ್ತು, ಸತ್ಯವತಿ ಎನ್ನಬಹುದಿತ್ತು. ಸುದ್ದಿ ಹೇಳುವ ಕೆಲಸಕ್ಕೆ ಇವೆಲ್ಲ ಒಪ್ಪುವ ಹೆಸರುಗಳೇ. ಅವರಿಗೆ ಹೊಳೆದದ್ದು ಸೌಂದರ್ಯ. ಆ ವಾಹಿನಿಯವರನ್ನು ಆಕ್ಷೇಪಿಸುವದು ನನ್ನ ಉದ್ದೇಶವಲ್ಲ. ಎಷ್ಟೋ ವರ್ಷಗಳಿಂದ ಈ ವ್ಯವಸಾಯದವರ ಮನಸ್ಸಿನಲ್ಲಿ ಇದ್ದ ಮಾತು ಆ ಹೆಸರಿನಿಂದ ಬಾಯಿಗೆ ಬಂದಿತು, ಅಷ್ಟೆ.

ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಈ ಸಂಗತಿಯ ಚರ್ಚೆ ನಡೆದಾಗ ಹಿರಿಯರೊಬ್ಬರು, "ಕಣ್ಣಿಗೆ ಹಿತ ಆಗೂದನ್ನ ಮಂದಿ ನೋಡ್ತಾರ, ಅದರಾಗೇನು ತಪ್ಪು?" ಎಂದರು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಅಲ್ಲಿಯೇ ಕುಳಿತಿದ್ದರು. ಅವರು, "ಸುದ್ದಿ ಓದವರನ್ನ ಕನ್ಯಾ ನೋಡಿದಂಗ ನೋಡೂದ್ಯಾಕ್ರಿ? ಸುದ್ದಿ ಖರೇ ಐತೋ ಇಲ್ಲೋ ಅದನ್ನ ನೋಡ್ರಿ" ಎಂದು ಉತ್ತರ ಕೊಟ್ಟರು. ಎರಡು ಮಾತುಗಳಲ್ಲಿಯೂ ಹುರುಳಿದೆ. ದೂರದರ್ಶನವೆಂಬ ಶಬ್ದದಲ್ಲಿಯೇ ದರ್ಶನವು ಕೂಡಿಕೊಂಡಿರಲು, ಅಲ್ಲಿ ಮುಖಕ್ಕೆ ಬೆಲೆಯೇ ಇರಬಾರದೆಂದು ವಾದಿಸುವದು ಹಟಮಾರಿತನವಾದೀತು. ಆದರೆ ಚೆಲುವು ಇರುವದು ಬೇರೆ, ಚೆಲುವನ್ನೇ ಬಾಗಿಲ ಕಾವಲಿಗೆ ನಿಲ್ಲಿಸುವದು ಬೇರೆ. ಈ ಕಾವಲು ಯಾವಾಗ ಕುಳಿತಿತು, ಯಾರು ಕೂಡಿಸಿದರು ಎಂಬುದನ್ನು ನಮ್ಮ ಜಿಲ್ಲೆಯ ಕಡೆಯಿಂದ ನೋಡುತ್ತ ಹೋದರೆ, ಅದು ನಾವು ತಿಳಿದಷ್ಟು ಹಳೆಯದೂ ಅಲ್ಲ, ಸಹಜವೂ ಅಲ್ಲವೆಂದು ಕಾಣುತ್ತದೆ.

ಚಿತ್ರಪಟಗಳು ಬರುವ ಮೊದಲು ಬಹುಜನರ ಮುಂದೆ ನಿಂತು ಮಾತನಾಡುವ, ಹಾಡುವ ಕೆಲಸವು ನಾಟಕಮಂಡಳಿಗಳದಾಗಿದ್ದಿತು. ಆಗ ನಮ್ಮ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿದ್ದರಿಂದ ಮರಾಠಿ ರಂಗಭೂಮಿಯ ಪ್ರಭಾವವು ಇಲ್ಲಿ ಬಲವಾಗಿದ್ದಿತು. ಆ ರಂಗಭೂಮಿಯ ಮೇಲೆ ಸೌಂದರ್ಯಕ್ಕೆ ಮಾದರಿ ಯಾರು? ಬಾಲಗಂಧರ್ವರು, ಎಂದರೆ ಒಬ್ಬ ಗಂಡಸು. 1888ರಲ್ಲಿ ಜನಿಸಿದ ಇವರು ನಡುವಯಸ್ಸಿನಲ್ಲಿಯೂ ಶಕುಂತಲೆಯಾಗಿ, ರುಕ್ಮಿಣಿಯಾಗಿ ಬಂದರೆ ಒಳ್ಳೆಯ ಮನೆತನದ ಸ್ತ್ರೀಯರು ಅವರು ಸೀರೆ ಉಟ್ಟ ಬಗೆಯನ್ನು ನೋಡಿಕೊಂಡು ಬಂದು ಅನುಕರಿಸುತ್ತಿದ್ದರು. ಮೈಕಟ್ಟು ದಪ್ಪವಾದರೂ, ಕೆನ್ನೆಗಳು ಇಳಿದರೂ ಪ್ರೇಕ್ಷಕರು ಕೈಬಿಡಲಿಲ್ಲ. ಏಕೆಂದರೆ ಅವರು ಬಂದುದು ಆ ಕಂಠಕ್ಕಾಗಿ. ಕಂಠವು ಸುಂದರವಾಗಿದ್ದರೆ ಉಳಿದುದನ್ನು ಪ್ರೇಕ್ಷಕನ ಮನಸ್ಸೇ ತುಂಬಿಕೊಳ್ಳುತ್ತಿದ್ದಿತು. ರೂಪವು ಕಲೆಯಿಂದ ಆಗುವ ವಸ್ತುವೆಂಬುದು ಆಗಿನ ನಂಬಿಕೆ. ಅದು ಹುಟ್ಟಿನಿಂದ ತಂದುಕೊಳ್ಳಬೇಕಾದ ಅರ್ಹತೆಯೆಂದು ಆ ಪ್ರೇಕ್ಷಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದೇ ಮಂಡಳಿಯೊಡನೆ ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳ ಹೆಸರು ಕೂಡಿಕೊಂಡಿದೆ. ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಜೊತೆಗೆ ರಂಗವನ್ನೇರಿದರು. ಇವರ ತಂಗಿಯೇ ಅಮೀರಬಾಯಿ ಕರ್ನಾಟಕಿ. ಬೀಳಗಿಯು ಈಗ ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ ಅಂದು ವಿಜಾಪುರ ಜಿಲ್ಲೆಯೊಳಗಿನದೇ. ಆದಕಾರಣ ಈ ಅಕ್ಕತಂಗಿಯರನ್ನು ನಮ್ಮವರೆನ್ನಲು ಸಂಕೋಚ ಪಡಬೇಕಾಗಿಲ್ಲ. ವಿಜಯಪುರ ನಗರದವರಿಗೆ ಅಮೀರ್ ಟಾಕೀಜ್ ಎಂಬ ಹೆಸರು ಗೊತ್ತು. ಆ ಹೆಸರಿನ ಹಿಂದಿನ ಹೆಣ್ಣುಮಗಳ ಕಥೆಯು ಮಾತ್ರ ಇಂದಿನ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ರಹಮತ್ ತರೀಕೆರೆಯವರು ಆಕೆಯ ಜೀವನವನ್ನು ಕುರಿತು ಒಂದು ಪುಸ್ತಕವನ್ನೇ ಬರೆದು ಈ ಋಣವನ್ನು ಸ್ವಲ್ಪ ಮಟ್ಟಿಗೆ ತೀರಿಸಿದ್ದಾರೆ.

ಅಮೀರಬಾಯಿಯವರು ಮುಂಬಯಿಗೆ ಹೋಗಿ ಮೊದಲು ಚಿತ್ರಗಳಲ್ಲಿ ನಟಿಸಿದರು. ಆದರೆ ದೇಶಕ್ಕೆಲ್ಲ ಅವರ ಪರಿಚಯವಾದದ್ದು ಮುಖದಿಂದಲ್ಲ, ಹಿನ್ನೆಲೆಯ ಗಾಯನದಿಂದ. 1943ರಲ್ಲಿ ಹೊರಬಂದ 'ಕಿಸ್ಮತ್' ಎಂಬ ಹಿಂದಿ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಅದರ ನಾಯಕಿಯು ಮುಮ್ತಾಜ್ ಶಾಂತಿ. ತೆರೆಯ ಮೇಲೆ ತುಟಿ ಅಲುಗಿಸಿದವಳು ಆಕೆ. ಜನರ ಎದೆಯೊಳಗೆ ಇಳಿದ ಧ್ವನಿಯು ಬೀಳಗಿಯದು. ವಾಚಕರು ಈ ಸಂಗತಿಯನ್ನು ಸ್ವಲ್ಪ ಗಮನಿಸಬೇಕು. ಒಬ್ಬರ ಮುಖವನ್ನೂ ಇನ್ನೊಬ್ಬರ ಕಂಠವನ್ನೂ ಬೇರ್ಪಡಿಸಿ ಮತ್ತೆ ಜೋಡಿಸುವ ಯಂತ್ರಕೌಶಲ್ಯವು ಆ ದಶಕದಲ್ಲಿ ನಮ್ಮ ದೇಶದಲ್ಲಿ ಬೇರೂರಿತು. ಅದಕ್ಕೆ ಮುಂಚೆ ಹಾಡಬಲ್ಲವಳೇ ನಾಯಕಿಯಾಗಬೇಕಾಗಿತ್ತು. ಅವಳ ರೂಪದಲ್ಲಿ ಸ್ವಲ್ಪ ಕೊರತೆ ಇದ್ದರೂ ನಡೆಯುತ್ತಿದ್ದಿತು. ಬೇರ್ಪಡಿಸಿದ ಮೇಲೆ ರೂಪಕ್ಕೆ ಕಂಠದ ಹಂಗಿಲ್ಲದಾಯಿತು. ಹಾಡುವವರು ಕತ್ತಲೆಯಲ್ಲಿ, ಕಾಣುವವರು ಬೆಳಕಿನಲ್ಲಿ. ಅಮೀರಬಾಯಿಯವರು 1965ರಲ್ಲಿ ತೀರಿಕೊಂಡರು. 'ಕನ್ನಡ ಕೋಕಿಲ'ವೆಂದು ಅವರನ್ನು ಕರೆದರಷ್ಟೆ; ಕೋಗಿಲೆಯು ಎಲೆಗಳ ಮರೆಯಲ್ಲಿಯೇ ಕೂಡ್ರುವ ಹಕ್ಕಿಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೇಡಿಯೋದ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು; ಧಾರವಾಡದ ನಿಲಯವು 1950ರ ಜನವರಿ 8ರಂದು ಪ್ರಾರಂಭವಾಯಿತು. ನಮ್ಮ ಮನೆಗಳಲ್ಲಿ ಧಾರವಾಡದ ಧ್ವನಿಗಳೆಂದರೆ ಮನೆಯ ಮಂದಿಯ ಧ್ವನಿಗಳಿದ್ದಂತೆ. ಓದುವವರು ಕಪ್ಪೋ ಕೆಂಪೋ, ತೆಳುವೋ ದಪ್ಪವೋ ಎಂದು ಯಾರೂ ಕೇಳಲಿಲ್ಲ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಗಡೆಯಲ್ಲಿ ನಿಂತವನಿಗೆ ಮಾತು ಸ್ಪಷ್ಟವಾಗಿ ಕೇಳಿಬರುತ್ತದೆ, ಮುಖವು ಕಾಣುವದಿಲ್ಲ. ಮಾತು ಯಾರದೆಂದು ಧ್ವನಿಯಿಂದಲೇ ಗುರ್ತಿಸಬೇಕು. ರೇಡಿಯೋದವರು ಅಂಥದೇ ಮೊಗಸಾಲೆಯೊಂದನ್ನು ನಾಡಗಲಕ್ಕೆ ಕಟ್ಟಿಕೊಟ್ಟರು.

ಮುಖವನ್ನು ಅರ್ಹತೆಯೆಂದು ಮೊದಲು ಬರೆದಿಟ್ಟವರು ಯಾರೆಂದು ತಿಳಿಯಲು ದೂರದರ್ಶನದ ಹಳೆಯ ಮನೆಯಾದ ಇಂಗ್ಲಂಡಿಗೆ ಒಂದು ಗಳಿಗೆ ಹೋಗಿಬರಬೇಕು. ಲಂಡನ್ನಿನ ಬಿಬಿಸಿ ಸಂಸ್ಥೆಯು 1936ರಲ್ಲಿ ದೂರದರ್ಶನದ ಪ್ರಸಾರಕ್ಕೆ ಕೈಹಾಕಿದಾಗ ಇಬ್ಬರು ಮಹಿಳಾ ಉದ್ಘೋಷಕರನ್ನು ಆರಿಸಬೇಕಾಯಿತು. ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಚಿತ್ರದಲ್ಲಿ ಚೆನ್ನಾಗಿ ಕಾಣಬೇಕು, ವಿವಾಹವಾಗಿರಬಾರದು, ಕೆಂಗೂದಲಿರಬಾರದು ಎಂದು ನಿಬಂಧನೆಗಳು. ಕಡೆಗೆ ಎಲಿಜಬೆತ್ ಕೋವೆಲ್, ಜಾಸ್ಮಿನ್ ಬ್ಲೈ ಎಂಬ ಇಬ್ಬರು ಆರಿಸಲ್ಪಟ್ಟರು. ಕನ್ಯಾಪರೀಕ್ಷೆಯೆಂದು ನಮ್ಮ ಅಕ್ಕೋರು ಆಡಿದ ಮಾತು ಇಲ್ಲಿ ಅಲಂಕಾರದ ಮಾತಲ್ಲ, ಅಕ್ಷರಶಃ ನಿಜ!

ಆದರೆ ಇದೇ ಸಂಸ್ಥೆಯವರು ವಾರ್ತೆಯ ವಿಷಯ ಬಂದಾಗ ಏನು ಮಾಡಿದರು ನೋಡಿರಿ. 1954ರಲ್ಲಿ ಚಿತ್ರಸಹಿತವಾದ ವಾರ್ತೆಯನ್ನು ಆರಂಭಿಸಿದಾಗಲೂ ಓದುವವರ ಮುಖವನ್ನು ತೋರಿಸಲಿಲ್ಲ. ಭೂಪಟ, ಭಾವಚಿತ್ರಗಳು ತೆರೆಯ ಮೇಲೆ, ವಾಚಕರು ಮರೆಯಲ್ಲಿ. ಮುಖವು ಕಂಡರೆ ಅದರ ಮೇಲಿನ ಭಾವಗಳಿಂದ ವಾರ್ತೆಯ ನಿಷ್ಪಕ್ಷಪಾತಕ್ಕೆ ಧಕ್ಕೆ ಬಂದೀತೆಂಬ ಅಂಜಿಕೆ ಅವರದು. 1955ರ ಸೆಪ್ಟೆಂಬರಿನಲ್ಲಿ ಎದುರಾಳಿ ಸಂಸ್ಥೆಯೊಂದು ತಲೆಯೆತ್ತುವ ಹೊತ್ತಿಗೆ ಸರಿಯಾಗಿ ವಾಚಕರ ಮುಖಗಳು ತೆರೆಯ ಮೇಲೆ ಬಂದವು. ಎಂದರೆ ವಾರ್ತೆಗೆ ಮುಖವು ಅವಶ್ಯವೆಂದು ತೀರ್ಮಾನವಾದದ್ದು ಸತ್ಯದ ಸಲುವಾಗಿ ಅಲ್ಲ, ಪೈಪೋಟಿಯ ಸಲುವಾಗಿ.

ಈಗ ನಮ್ಮ ಜಿಲ್ಲೆಗೆ ಹಿಂತಿರುಗೋಣ. ಏಕೆಂದರೆ ಕರ್ನಾಟಕದಲ್ಲಿ ದೂರದರ್ಶನದ ಕಥೆಯು ಬೆಂಗಳೂರಿನಿಂದಲ್ಲ, ನಮ್ಮ ಕಡೆಯಿಂದ ಆರಂಭವಾಗುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಸರಿಯಾಗಿ ಒಂದು ವರ್ಷ, ಅಮೇರಿಕೆಯ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಭಾರತ ಸರಕಾರವು ಹಳ್ಳಿಗರಿಗಾಗಿ ಒಂದು ಶಿಕ್ಷಣಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಅದರಲ್ಲಿ ಕರ್ನಾಟಕದ ಪಾಲಿಗೆ ಬಂದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರಿನವರಿಗೆ ಸ್ವಂತ ದೂರದರ್ಶನ ಕೇಂದ್ರವು ದೊರೆತದ್ದು 1981ರಲ್ಲಿ. ರಾಜಧಾನಿಯ ಸಾಹುಕಾರರು ಕಾಣದ ವಸ್ತುವನ್ನು ನಮ್ಮ ಜೋಳದ ಹೊಲಗಳ ರೈತರು ಆರು ವರ್ಷ ಮೊದಲೇ ಕಂಡರು. ಬರಗಾಲದ ಜಿಲ್ಲೆಯೆಂದು ಮರುಗುವವರಿಗೆ ಈ ಒಂದು ಸಂಗತಿಯನ್ನು ಹೇಳಿ ನಾನು ಒಮ್ಮೊಮ್ಮೆ ಮೀಸೆ ತಿರುವುವದುಂಟು.

ಹಳ್ಳಿಯ ಶಾಲೆಯೋ ಪಂಚಾಯತಿಯೋ ಇದ್ದಲ್ಲಿ ಒಂದು ಪೆಟ್ಟಿಗೆ. ಅದರ ಹತ್ತಿರ ತಂತಿಯ ಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡ ಬೋಗುಣಿ. ದಿನಕ್ಕೆ ನಾಲ್ಕು ತಾಸು ಪ್ರಸಾರ: ಬೆಳಿಗ್ಗೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ, ಈ ನಾಲ್ಕು ತಾಸುಗಳನ್ನು ನಾಲ್ಕು ಭಾಷೆಯವರು ಹಂಚಿಕೊಳ್ಳಬೇಕು. ಕನ್ನಡ ಕಾರ್ಯಕ್ರಮಗಳು ತೆಲುಗಿನವುಗಳೊಂದಿಗೆ ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಅನುಕೂಲವು ಆ ಉಪಗ್ರಹದಲ್ಲಿದ್ದಿತು. ಬೀಜ, ಗೊಬ್ಬರ, ದನಕರುಗಳ ರೋಗ, ಬಾಣಂತಿಯ ಆರೈಕೆ, ಮಕ್ಕಳ ವಿಜ್ಞಾನಪಾಠ ಇವೇ ವಿಷಯಗಳು. ಕತ್ತಲೆಯಾಗುವ ಹೊತ್ತಿಗೆ ಹುಡುಗರು ಮುಂದೆ, ಗಂಡಸರು ಹಿಂದೆ, ಹೆಣ್ಣುಮಕ್ಕಳು ಒಂದು ಮಗ್ಗುಲಿಗೆ ಹೀಗೆ ನೆಲದ ಮೇಲೆ ಕುಳಿತು ನೋಡುತ್ತಿದ್ದರು.

ಈ ಪ್ರಯೋಗವನ್ನು ನಡೆಸಿದವರು ಅದರ ಫಲವನ್ನು ಅಳೆದ ರೀತಿಯು ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ. ಪ್ರಯೋಗಕ್ಕೆ ಮುಂಚೆ, ನಡುವೆ, ಕೊನೆಗೆ ಹೀಗೆ ಮೂರು ಹಂತಗಳಲ್ಲಿ ಹಳ್ಳಿಗರನ್ನು ವಿಚಾರಿಸಿದರು. ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ವಾಸವಾಗಿಯೇ ಇದ್ದರು. ಅವರಿಗೆ ಬೇಕಾದದ್ದು ಏನು? ಹೇಳಿದ್ದು ತಿಳಿಯಿತೇ, ತಿಳಿದದ್ದು ಮನಸ್ಸಿನಲ್ಲಿ ನಿಂತಿತೇ, ನಿಂತದ್ದು ಆಚರಣೆಗೆ ಬಂದಿತೇ ಎಂಬುದು. ನಿರೂಪಕನ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ತಿಳಿಯದು. ಅದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾದ ಇನ್ನೊಂದು ಪ್ರಯೋಗದಲ್ಲಿ ಹಳ್ಳಿಗರೇ ತೆರೆಯ ಮೇಲೆ ಬಂದು ತಮ್ಮ ಸುಖದುಃಖಗಳನ್ನು ಹೇಳಿಕೊಂಡರು. ಅದಕ್ಕೆ 1984ರಲ್ಲಿ ಯುನೆಸ್ಕೋ ಪಾರಿತೋಷಕವೂ ಬಂದಿತು. ಬಿಸಿಲಿಗೆ ಸುಟ್ಟ ಮುಖಗಳನ್ನು ದೂರದರ್ಶನವು ತಾಳಲಾರದೆಂಬ ಮಾತು ಸುಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವರ್ಷ ಮುಗಿದ ಕೂಡಲೆ ಉಪಗ್ರಹವನ್ನು ಅದರ ಒಡೆಯರು ಮರಳಿ ಒಯ್ದರು. 1977ರಲ್ಲಿ ಗುಲ್ಬರ್ಗೆಯಲ್ಲಿ ಪ್ರಸಾರಕೇಂದ್ರವು ಬಂದಿತು, 1982ರಲ್ಲಿ ದೇಶಕ್ಕೆ ಬಣ್ಣದ ಚಿತ್ರ ಬಂದಿತು. ಬಣ್ಣದ ಜೊತೆಗೆ ಸೀರೆಯ ಬಣ್ಣ, ತುಟಿಯ ಬಣ್ಣ, ಮೈಬಣ್ಣಗಳ ಲೆಕ್ಕವೂ ಬಂದಿತು. ದಿಲ್ಲಿಯ ವಾರ್ತಾವಾಚಕಿ ಸಲ್ಮಾ ಸುಲ್ತಾನರನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿಯವರ ಕೊಲೆಯ ಸುದ್ದಿಯನ್ನು ದೇಶಕ್ಕೆ ಓದಿ ಹೇಳಿದವರು ಅವರು. ಅಂಥ ಸುದ್ದಿಯನ್ನು ಕಂಠವು ಕಂಪಿಸದಂತೆ ಓದುವದು ಸಣ್ಣ ಕೆಲಸವೇ? ಆದರೂ ಅವರನ್ನು ನೆನೆಸಿದರೆ ನಮಗೆ ಮೊದಲು ನೆನಪಾಗುವದು ಕೂದಲಲ್ಲಿ ಮುಡಿದ ಗುಲಾಬಿ ಹೂವು. ನನಗೂ ಹಾಗೆಯೇ, ಸುಳ್ಳು ಹೇಳಲಾರೆ. ಆದರೆ ಇದರಲ್ಲಿ ಇನ್ನೊಂದು ಮಾತಿದೆ. ಸರಕಾರಿ ದೂರದರ್ಶನವು ಅವರನ್ನು 1967ರಿಂದ 1997ರ ವರೆಗೆ, ಮೂವತ್ತು ವರ್ಷ, ವಾರ್ತೆ ಓದಲು ಬಿಟ್ಟಿತು. ಹೂವು ಅದೇ ಇದ್ದಿತು, ಮುಖಕ್ಕೆ ವಯಸ್ಸಾಯಿತು, ನೋಡುಗರಿಗೂ ಜೊತೆಯಲ್ಲಿಯೇ ವಯಸ್ಸಾಯಿತು. ಯಾರೂ ದೂರು ಕೊಡಲಿಲ್ಲ.

1994ರಲ್ಲಿ ಉದಯ ವಾಹಿನಿಯೊಂದಿಗೆ ಕನ್ನಡದಲ್ಲಿ ಖಾಸಗಿಯವರ ಕಾಲವು ಆರಂಭವಾಯಿತು. 2006ರ ತರುವಾಯ ಹಗಲೂ ಇರುಳೂ ವಾರ್ತೆಯನ್ನೇ ಬಿತ್ತರಿಸುವ ವಾಹಿನಿಗಳು ಒಂದರ ಹಿಂದೊಂದು ಬಂದವು. ಜಾಹೀರಾತಿನ ಹಣದಿಂದ ನಡೆಯುವ ಈ ವ್ಯವಸಾಯದಲ್ಲಿ ನೋಡುಗನ ಕೈಯೊಳಗಿನ ಗುಂಡಿಯು ಒಡೆಯನಾಯಿತು. ಗುಂಡಿಯನ್ನು ಒತ್ತುವ ಮೊದಲಿನ ಕ್ಷಣದಲ್ಲಿ ಅವನನ್ನು ಹಿಡಿದು ನಿಲ್ಲಿಸಬೇಕಲ್ಲವೆ? ಆ ಕ್ಷಣದಲ್ಲಿ ಕಣ್ಣಿಗೆ ಬೀಳುವದು ಮುಖ. ಉಚ್ಚಾರವು ಶುದ್ಧವಾಗಿದೆಯೋ, ವಿಷಯವು ತಿಳಿದಿದೆಯೋ ಎಂಬುದು ಗೊತ್ತಾಗಲು ಎರಡು ಮೂರು ನಿಮಿಷಗಳಾದರೂ ಬೇಕು. ಆ ಎರಡು ನಿಮಿಷಗಳ ಅಂಜಿಕೆಯಿಂದಲೇ ಚೆಲುವಿನ ಕಾವಲುಗಾರನು ಬಾಗಿಲಲ್ಲಿ ಬಂದು ಕುಳಿತದ್ದು. ಅವನು ಒಳಗೆ ಬಿಟ್ಟವರಲ್ಲಿ ಸಮರ್ಥರು ಇಲ್ಲವೆಂದಲ್ಲ, ಧಾರಾಳವಾಗಿ ಇದ್ದಾರೆ. ಹೊರಗೆ ಉಳಿದವರೆಷ್ಟು ಜನರೆಂಬುದಕ್ಕೆ ಮಾತ್ರ ಲೆಕ್ಕವಿಲ್ಲ. ಮುಖದ ಪರೀಕ್ಷೆಯು ಬಿಗಿಯಾದಷ್ಟು ನಾಲಗೆಯ ಪರೀಕ್ಷೆಯು ಸಡಿಲವಾಯಿತೆಂದು ನನ್ನ ಅಭಿಪ್ರಾಯ. ಹಕಾರವಿದ್ದಲ್ಲಿ ಅಕಾರ, ಮಹಾಪ್ರಾಣವಿದ್ದಲ್ಲಿ ಅಲ್ಪಪ್ರಾಣ, ಳಕಾರಕ್ಕೆ ಲಕಾರ: ಇವು ಮನೆಯಲ್ಲಿ ಮಕ್ಕಳು ಆಡಿದರೆ ತಿದ್ದುತ್ತೇವೆ, ವಾರ್ತೆಯಲ್ಲಿ ಬಂದರೆ ಸುಮ್ಮನೆ ಕೇಳುತ್ತೇವೆ. ನಮ್ಮ ಕಡೆಯ ಗಂಡುಮೆಟ್ಟಿನ ಮಾತಂತೂ ತೆರೆಯ ಮೇಲೆ ಬರುವದು ಬಹುಮಟ್ಟಿಗೆ ನಗಿಸುವ ಪಾತ್ರಗಳ ಬಾಯಿಂದ.

ಕಾವಲುಗಾರನು ಎಲ್ಲರನ್ನೂ ಒಂದೇ ತೆರನಾಗಿ ತಡೆದಿದ್ದರೆ ದೂರು ಅರ್ಧವಾಗುತ್ತಿದ್ದಿತು. ಅವನು ಗಂಡಸರಿಗೆ ಎದ್ದು ದಾರಿ ಬಿಡುತ್ತಾನೆ. ತಲೆ ನರೆತ, ಹೊಟ್ಟೆ ಬೆಳೆದ ಗೃಹಸ್ಥರು ರಾತ್ರಿಯ ಚರ್ಚೆಗಳನ್ನು ನಡೆಸುವದನ್ನು ನಾವು ನೋಡುತ್ತೇವೆ. ಅವರ ನರೆಯು ಅನುಭವದ ಗುರುತು. ಪಕ್ಕದಲ್ಲಿ ನರೆಗೂದಲಿನ ಹೆಣ್ಣುಮಗಳು ಕುಳಿತುದನ್ನು ನೋಡಿದವರು ನೆನಪು ಮಾಡಿಕೊಳ್ಳಬೇಕು. ಇದು ನಮ್ಮೊಬ್ಬರ ರೋಗವಲ್ಲ. ಅಮೇರಿಕೆಯ ಕನ್ಸಾಸ್ ಪಟ್ಟಣದ ನಿಲಯವೊಂದರಲ್ಲಿ ಕ್ರಿಸ್ಟೀನ್ ಕ್ರಾಫ್ಟ್ ಎಂಬಾಕೆಯನ್ನು 1981ರಲ್ಲಿ ವಾರ್ತಾವಾಚನದಿಂದ ಇಳಿಸಿದರು. ಕೆಲವು ನೋಡುಗರನ್ನು ಕೂಡಿಸಿ ಕೇಳಿ, ಆಕೆಗೆ ವಯಸ್ಸಾಗಿದೆ, ರೂಪ ಸಾಲದು, ಗಂಡಸರ ಮುಂದೆ ತಗ್ಗಿ ನಡೆಯುವದಿಲ್ಲ ಎಂಬ ಅಭಿಪ್ರಾಯವು ಬಂದಿದೆಯೆಂದು ಆಕೆಗೆ ಹೇಳಿದರಂತೆ. 1983ರಲ್ಲಿ ಪಂಚರು ಆಕೆಗೆ ಐದು ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿದರು. ಮೇಲಿನ ನ್ಯಾಯಾಲಯದಲ್ಲಿ ಆ ಗೆಲುವು ನಿಲ್ಲಲಿಲ್ಲ. ಇಂಗ್ಲಂಡಿನ ಮಿರಿಯಮ್ ಒ'ರೈಲಿಯವರದು ಇದರ ಮುಂದಿನ ಕಥೆ. ಬಿಬಿಸಿಯ ಒಕ್ಕಲುತನದ ಕಾರ್ಯಕ್ರಮವೊಂದನ್ನು ಹೆಚ್ಚು ಜನ ನೋಡುವ ವೇಳೆಗೆ ಸಾಗಿಸಿದಾಗ, ಐವತ್ತು ದಾಟಿದ ಆಕೆಯನ್ನು ಕೈಬಿಟ್ಟರು. 2011ರ ಜನವರಿಯಲ್ಲಿ ನ್ಯಾಯಮಂಡಳಿಯು ವಯಸ್ಸಿನ ಕಾರಣದಿಂದ ಆಕೆಗೆ ಅನ್ಯಾಯವಾಗಿದೆಯೆಂದು ತೀರ್ಪು ಕೊಟ್ಟಿತು.

ಆಸ್ಟ್ರೇಲಿಯದ ಕಾರ್ಲ್ ಸ್ಟೆಫಾನೋವಿಕ್ ಎಂಬ ನಿರೂಪಕರು ಇದನ್ನು ನಗೆಯಾಟವಾಗಿ ತೋರಿಸಿದರು. ತಮ್ಮ ಜೊತೆಯ ನಿರೂಪಕಿಯ ಉಡುಪನ್ನು ಕುರಿತು ನಿತ್ಯವೂ ಟೀಕೆಗಳು ಬರುವದನ್ನು ಕಂಡು, ಅವರು ಒಂದು ವರ್ಷದ ವರೆಗೆ ಹೆಚ್ಚುಕಡಿಮೆ ದಿನಾಲು ಒಂದೇ ನೀಲಿ ಸೂಟನ್ನು ಹಾಕಿಕೊಂಡು ಬಂದರು. 2014ರಲ್ಲಿ ತಾವೇ ಬಾಯಿಬಿಟ್ಟು ಹೇಳುವವರೆಗೆ ಒಬ್ಬರೂ ಗಮನಿಸಿರಲಿಲ್ಲ!

ಚೆಲುವಿಲ್ಲದೆ ಜನರನ್ನು ಹಿಡಿದು ಕೂಡಿಸುವದು ಆಗದೆನ್ನುವವರನ್ನು ತಿಕೋಟಾದ ಕಡೆಗೆ ಕರೆದೊಯ್ಯಬೇಕು. ಆ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ 2023ರ ಜನವರಿ 2ರಂದು ದೇಹವಿಟ್ಟಾಗ ನಗರದ ಬೀದಿಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಬಿಳಿಯ ಧೋತರ, ಕಿಸೆಯಿಲ್ಲದ ಬಿಳಿಯ ಅಂಗಿ. ಏರದ, ಇಳಿಯದ ಮೆಲುದನಿ. ಬೆಳಗಿನ ಚಳಿಯಲ್ಲಿ ಸಾವಿರಗಟ್ಟಲೆ ಜನರು ಎದ್ದು ಬಂದು ಆ ಮಾತನ್ನು ಕೇಳುತ್ತಿದ್ದರು. ದೂರದರ್ಶನದಲ್ಲಿ ಬಂದಾಗಲೂ ಕೇಳಿದರು. ಸಂನ್ಯಾಸಿಯ ಉದಾಹರಣೆಯನ್ನು ವಾರ್ತಾವಾಚಕಿಗೆ ಹೋಲಿಸುವದು ಅತಿಯಾಯಿತೆಂದು ವಾಚಕರು ಅನ್ನಬಹುದು. ಒಪ್ಪಿದೆ. ನನಗೆ ಬೇಕಾದದ್ದು ಇಷ್ಟೇ: ಸಾದಾ ಮುಖದಿಂದ ಬರುವ ಸ್ಪಷ್ಟ ಮಾತನ್ನು ಕೇಳುವ ಸಹನೆಯು ಈ ಜಿಲ್ಲೆಯ ಜನಕ್ಕೆ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಆದರೆ ಆರಿಸುವ ಕುರ್ಚಿಯ ಮೇಲೆ ಕುಳಿತರೆ ನಮಗೇ ಏನಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಸಂಸ್ಥೆಯ ವಾರ್ಷಿಕೋತ್ಸವಕ್ಕೆ ನಿರೂಪಕಿಯನ್ನು ಆರಿಸುವ ಮೂವರಲ್ಲಿ ನಾನೊಬ್ಬನಾಗಿದ್ದೆ. ಇಬ್ಬರು ಹುಡುಗಿಯರು ಉಳಿದರು. ಒಬ್ಬಳು ನಗರದವಳು, ನೋಡಲು ಲಕ್ಷಣವಾಗಿದ್ದಳು, ಧೈರ್ಯವೂ ಇದ್ದಿತು. ಇನ್ನೊಬ್ಬಳು ಬಬಲೇಶ್ವರದ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಕಪ್ಪು ಬಣ್ಣ, ಹಲ್ಲು ಸ್ವಲ್ಪ ಮುಂದೆ. ಓದಲು ಕೊಟ್ಟ ಗದ್ಯವನ್ನು ಆ ಹಳ್ಳಿಯ ಹುಡುಗಿ ಓದಿದಾಗ ಒಂದು ಮಹಾಪ್ರಾಣವೂ ತಪ್ಪಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. "ವೇದಿಕೆಗೆ ಒಪ್ಪಬೇಕಲ್ರಿ" ಎಂದು ಒಬ್ಬರೆಂದರು. ನಾನು ಅಲ್ಲವೆನ್ನಲಿಲ್ಲ. ನಗರದ ಹುಡುಗಿಯನ್ನು ಆರಿಸಿ, ಇವಳಿಗೆ "ನಿನ್ನ ಭಾಷಾ ಚೊಲೊ ಐತೆವ್ವಾ, ನೀ ಬರದು ಕೊಡು" ಎಂದೆವು. ಅವಳು ಬರೆದು ಕೊಟ್ಟಳು. ಉತ್ಸವದ ದಿನ ಆ ಹುಡುಗಿ ನಡುವೆ ತಡವರಿಸಿದಾಗ ಇವಳು ಪರದೆಯ ಹಿಂದೆ ನಿಂತು ಮೆಲ್ಲಗೆ ಮುಂದಿನ ವಾಕ್ಯವನ್ನು ಹೇಳಿಕೊಟ್ಟಳಂತೆ. 1943ರಲ್ಲಿ ಮುಂಬಯಿಯವರು ಮಾಡಿದ್ದನ್ನು ನಾವು ಯಂತ್ರದ ಸಹಾಯವಿಲ್ಲದೆಯೇ ಮಾಡಿದೆವು. ನೋಡುಗರು ಹೀಗೆ ಬೇಡಿರಲಿಲ್ಲ. ಅವರನ್ನು ಯಾರೂ ಕೇಳಿರಲೇ ಇಲ್ಲ. ಅವರ ಮನಸ್ಸನ್ನು ಊಹಿಸಿಕೊಂಡು, ಆ ಊಹೆಯ ಮೇಲೆ ನಮ್ಮ ರುಚಿಯನ್ನೇ ಹೊರಿಸಿ, ತೀರ್ಪು ಕೊಟ್ಟವರು ನಾವು ಮೂವರು.

ಬೆಂಗಳೂರಿನ ನಿರೂಪಕಿ ಅಪರ್ಣಾ ಅವರು 2024ರ ಜುಲೈ 11ರಂದು ತೀರಿಕೊಂಡಾಗ ನಾಡಿನ ಮನೆಮನೆಗಳಲ್ಲಿ ಮರುಗಿದರು. ಅವರು ರೂಪವತಿಯರೇ ಆಗಿದ್ದರು. ದೂರದರ್ಶನದಲ್ಲಿ, ಸರಕಾರಿ ಸಮಾರಂಭಗಳಲ್ಲಿ ಅವರನ್ನು ಕಂಡವರು ಲಕ್ಷಾವಧಿ ಜನ. ಆದರೂ ಅವರು ಹೋದ ಮೇಲೆ ಜನರು ಆಡಿಕೊಂಡದ್ದು ಅವರ ಕನ್ನಡವನ್ನು ಕುರಿತು. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ತಿಳಿಸಿದ ಕನ್ನಡದ ಧ್ವನಿಯು ಅವರದು. ಮುಖವಿಲ್ಲದ ಆ ಧ್ವನಿಯನ್ನು ಕೇಳಿ ಕಣ್ಣೊರಸಿಕೊಂಡವರಿದ್ದರೆಂದು ಓದಿದ್ದೇವೆ. 'ಸೌಂದರ್ಯ'ಳೆಂಬ ಯಂತ್ರಚಿತ್ರಕ್ಕೆ ವಯಸ್ಸಾಗುವದಿಲ್ಲ, ಹಲ್ಲು ಮುಂದೆ ಬರುವದಿಲ್ಲ, ಕೂದಲು ನರೆಯುವದಿಲ್ಲ. ಕಾವಲುಗಾರನ ಮನಸ್ಸಿಗೆ ಸಂಪೂರ್ಣವಾಗಿ ಬಂದವಳು ಕೊನೆಗೂ ದೊರೆತಳೆಂದು ಹೇಳಬೇಕು. ಅವಳು ಬದುಕಿಲ್ಲವೆಂಬುದೊಂದೇ ಕೊರತೆ.

ಆ ಬಬಲೇಶ್ವರದ ಕಡೆಯ ಹುಡುಗಿ ಈಗ ಶಾಲೆಯ ಅಕ್ಕೋರಾಗಿದ್ದಾಳೆ. ಮೊನ್ನೆ ದ್ರಾಕ್ಷಿಯ ಸುಗ್ಗಿಯಲ್ಲಿ ತಿಕೋಟಾದ ಬಸ್ ನಿಲ್ದಾಣದಲ್ಲಿ ಭೇಟಿಯಾದಾಗ ತಾನಾಗಿ ಬಂದು ನಮಸ್ಕರಿಸಿದಳು. ನನಗೇ ಮಾತು ಹೊರಡಲಿಲ್ಲ. ಏನಾದರೂ ಕೇಳಬೇಕೆಂದು, "ಟಿವಿ ವಾರ್ತಾ ನೋಡ್ತೀಯೇನವ್ವಾ?" ಎಂದು ಕೇಳಿದೆ. "ನೋಡಾಕ ಪುರಸೊತ್ತು ಎಲ್ಲೈತ್ರಿ ಸರ್, ಅಡಗಿ ಮನ್ಯಾಗಿಂದ ಕೇಳ್ತೀನ್ರಿ," ಎಂದಳು. "ತಪ್ಪ ಓದಿದ್ರ ಅಲ್ಲಿಂದನ ತಿದ್ದತೀನಿ. ನನ್ನ ಮಗಳು ನಗ್ತಾಳ್ರಿ, ಅವ್ವಾ ಅವರಿಗೆ ಕೇಳಸಂಗಿಲ್ಲ ಅಂತಾಳ."